ಹಲ್ಲಕ್ಕ ಕೇಳದೆ ಬಿಟ್ಟ ಫೋಟೋ

ಇಪ್ಪತ್ತೆರಡು ವರ್ಷ ನಡೆದ ‘ಮಣ್ಣಿನಡಿ’ಯನ್ನು ಬರುವ ಶನಿವಾರ ಮಧ್ಯಾಹ್ನ ಮುಚ್ಚುತ್ತಾರೆ ಎಂದು ಗೊತ್ತಾದದ್ದೇ ತಡ, ಎಲ್ಲೆಲ್ಲಿಗೋ ಹೋಗಿದ್ದ ಸದಸ್ಯರೆಲ್ಲ ಓಡೋಡಿ ಬಂದರು. ಬದುಕಿದ್ದಾಗ ತಿರುಗಿಯೂ ನೋಡದವರು ಸತ್ತಾಗ ಮುಂದೆ ನಿಂತು ಅಳುತ್ತಾರಲ್ಲ, ಹಾಗೆ. ಹಾಗೆ ಬಂದವರು ಸತ್ತವರ ಬಗ್ಗೆ ಒಂದು ಮಾತಾಡಿದರೆ ತಮ್ಮ ಬಗ್ಗೆ ಹತ್ತು ಮಾತಾಡುವುದೂ ಇದ್ದದ್ದೇ. ಯಾರೋ ಒಬ್ಬರು ‘ನಾನು ಇಲ್ಲಿಗೆ ಬಂದದ್ದು ಹೇಗೆ’ ಎಂಬ ಪುಟ ತೆರೆದರು. ಎರಡೇ ದಿನಕ್ಕೆ ಅದು ತುಂಬಿ ತುಳುಕಿತು.

ಮಣ್ಣಿನಡಿ ಎಂದರೆ ಅಂತರ್ಜಾಲದಲ್ಲಿದ್ದ ಒಂದು ಹರಟೆಕಟ್ಟೆ. ಪಾಯ ತೋಡುವಾಗ ಸಿಕ್ಕಿದ ಮಡಕೆ ಚೂರು, ಹೊಲದಲ್ಲಿ ಎಡವಿದ ಕಲ್ಲಿನ ಕೊಡಲಿ, ಗೋಡೆಯಲ್ಲಿ ತಲೆಕೆಳಗಾಗಿ ಕೂತ ಕೆತ್ತನೆಯ ಬಂಡೆ, ಇಂಥವುಗಳ ಫೋಟೋ ಹಾಕಿ ‘ಇದೇನು? ಎಷ್ಟು ಹಳೆಯದು?’ ಎಂದು ಕೇಳುವ ಜಾಗ. ಉತ್ತರ ಹೇಳುವವರಲ್ಲಿ ವಿದ್ವಾಂಸರು ಯಾರೂ ಇರಲಿಲ್ಲ. ಸೋರುವ ಮಾಡಿಗೆ ಮದ್ದು ಹುಡುಕುತ್ತ ಬಂದು ಹಳೆಯ ಹಂಚುಗಳ ಮೋಹಕ್ಕೆ ಬಿದ್ದ ಲಾರಿ ಡ್ರೈವರೊಬ್ಬ ಇದ್ದ. ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಅಕ್ಷರ ಕಂಡು, ಅದೇನೆಂದು ತಿಳಿಯುವ ತನಕ ಊಟ ಸೇರದೆ ಬಂದ ದರ್ಜಿ ಹೆಂಗಸೊಬ್ಬಳಿದ್ದಳು. ಇವರನ್ನೆಲ್ಲ ಕಟ್ಟಿ ನಿಲ್ಲಿಸಿದವರು ಮೇಷ್ಟ್ರು. ಮೂರು ತಿಂಗಳ ಹಿಂದೆ ಅವರು ತೀರಿಕೊಂಡಿದ್ದರು. ಈಗ ಮುಚ್ಚುತ್ತಿದ್ದುದಕ್ಕೆ ಕಾರಣ ಅದೇ.

ಹಲ್ಲಕ್ಕ ಬಂದದ್ದು ಹದಿನಾಲ್ಕು ವರ್ಷದ ಹಿಂದೆ. ಅವಳ ಕೆಲಸ ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಇವಳು ಅದರಲ್ಲಿ ಪ್ಲಾಸ್ಟರ್ ಎರೆದು, ಮೇಣ ತಿದ್ದಿ, ಹಲ್ಲು ಕೂರಿಸುತ್ತಾಳೆ. ಒಬ್ಬ ಮುದುಕರಿಗೆ ಹೊಸ ಹಲ್ಲು ಹೊಸದರಂತೆ ಕಾಣಬಾರದಿತ್ತು, ಸವೆದಂತೆ ಇರಬೇಕಿತ್ತು. ಸವೆದ ಹಲ್ಲಿನ ಚಿತ್ರ ಹುಡುಕಲು ಹೋಗಿ ಮಣ್ಣಿನಡಿಯಲ್ಲಿದ್ದ, ಹಳೆಯ ಗೋರಿಯೊಂದರಲ್ಲಿ ಸಿಕ್ಕ ದವಡೆಯ ಫೋಟೋದ ಮುಂದೆ ಬಂದು ನಿಂತಳು. ಆ ಹಲ್ಲನ್ನು ನೋಡಿ, ಇವನು ಮರಳು ಬೆರೆತ ಹಿಟ್ಟು ತಿಂದವನು, ಎಡಗಡೆಯ ಹಲ್ಲುನೋವಿನಿಂದ ಬಲಗಡೆಯೇ ಜಗಿದವನು ಎಂದು ತನಗೆ ತಿಳಿಯಿತಲ್ಲ ಎಂಬ ಖುಷಿಗೆ ಅವತ್ತು ಅವಳಿಗೆ ಕಾಫಿ ಆರಿದ್ದೂ ಗೊತ್ತಾಗಲಿಲ್ಲ. ಆಮೇಲೆ ಅಲ್ಲೇ ಬೇರು ಬಿಟ್ಟಳು. ಹಲ್ಲಿನ ಫೋಟೋ ಬಂದರೆ ಸಾಕು, ‘ಹಲ್ಲಕ್ಕನನ್ನು ಕರೆಯಿರಿ’ ಎನ್ನುವಂತಾಯಿತು.

ಈಗ ಆ ನೆನಪಿನ ಪುಟದಲ್ಲಿ ಅರ್ಧಕ್ಕರ್ಧ ಜನ ಅವಳನ್ನೇ ನೆನೆದಿದ್ದರು. ಅದರಲ್ಲೂ ಎಂಟು ವರ್ಷದ ಹಿಂದಿನ ಒಂದು ದವಡೆಯನ್ನು. ‘ಆ ಉತ್ತರ ಓದಿಯೇ ನಾನು ಸೇರಿದ್ದು’ ಎಂದು ಒಬ್ಬ ಬರೆದಿದ್ದ. ‘ಎರಡು ಹಲ್ಲು ನೋಡಿ ಒಬ್ಬ ಮನುಷ್ಯನ ಬದುಕನ್ನೇ ಹೇಳಿದರಲ್ಲ, ಅವತ್ತು ಮೈ ಜುಮ್ಮೆಂದಿತು’ ಎಂದು ಇನ್ನೊಬ್ಬಳು. ಸೋಮವಾರ ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು ಹಲ್ಲಕ್ಕ ಇದನ್ನೆಲ್ಲ ಓದಿ ಉಬ್ಬಿಹೋದಳು. ಹೊಗಳಿಕೆ ಯಾರಿಗೆ ಬೇಡ? ಇನ್ನೊಮ್ಮೆ ಓದೋಣವೆಂದು ಪುಟ ಮೇಲಕ್ಕೆ ಎಳೆಯುವಷ್ಟರಲ್ಲಿ ಕೆಳಗೆ ಹೊಸದೊಂದು ಬರಹ ಬಂದಿತ್ತು.

‘ನಾನು ಇಲ್ಲಿಗೆ ಬಂದದ್ದು ಇವತ್ತು ಬೆಳಿಗ್ಗೆ. ಹಳೆಯ ವಸ್ತುಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ, ತಪ್ಪು ಜಾಗದಲ್ಲಿ ಬರೆಯುತ್ತಿದ್ದರೆ ಕ್ಷಮಿಸಿ. ನನ್ನ ಅಪ್ಪ ಕುಶನ್ ಕೆಲಸದವರು, ಕುರ್ಚಿ ಸೋಫಾಗಳಿಗೆ ಬಟ್ಟೆ ಹೊಡೆಯುತ್ತಿದ್ದರು. ಹದಿಮೂರು ವರ್ಷದ ಹಿಂದೆ ಕೆಲಸಕ್ಕೆಂದು ಹೋದವರು ಬರಲೇ ಇಲ್ಲ. ಕಾಣೆಯಾದವರ ಅರ್ಜಿಯಲ್ಲಿ ಗುರುತು ಬರೆಯಿರಿ ಎಂದು ಪೊಲೀಸರು ಮತ್ತೆ ಕೇಳಿದ್ದಾರೆ. ಅಪ್ಪನ ಮುಂದಿನ ಎರಡು ಹಲ್ಲಿನಲ್ಲಿ ಅರ್ಧಚಂದ್ರದಂಥ ಪುಟ್ಟ ಕಚ್ಚು ಇತ್ತು. ಅದಕ್ಕೆ ಏನು ಹೇಳುತ್ತಾರೆಂದು ಹುಡುಕಿದಾಗ ನಿಮ್ಮ ದವಡೆಯ ಫೋಟೋ ಬಂತು. ಅದನ್ನು ಗುರುತಿಸಿದ ಅಕ್ಕ ಈಗಲೂ ಇದ್ದಾರಾ? ಇಂಥ ಕಚ್ಚು ಎರಡು ಸಾವಿರ ವರ್ಷದ ಹಿಂದಿನವರಿಗೂ ಇರುತ್ತಿತ್ತಾ? ಇಷ್ಟೇ ತಿಳಿಯಬೇಕಿತ್ತು.’

ಹಲ್ಲಕ್ಕ ಊಟದ ಡಬ್ಬಿ ಮುಚ್ಚಿ, ಆ ಹಳೆಯ ದವಡೆಯ ಪುಟ ತೆರೆದಳು.

ಎಂಟು ವರ್ಷದ ಹಿಂದೆ ಆ ಫೋಟೋ ಹಾಕಿದ್ದವನು ಗುದ್ದಲಿ ಎಂಬ ಹೆಸರಿನವನು. ಮಣ್ಣು ತೆಗೆದು ಬಿಟ್ಟುಹೋದ ಹಳ್ಳವೊಂದರಲ್ಲಿ ಮಡಕೆ ಚೂರುಗಳ ನಡುವೆ ಮನುಷ್ಯನ ಅರ್ಧ ದವಡೆ ಕಂಡಿದೆ ಎಂದು ಬರೆದಿದ್ದ. ಪೊಲೀಸರಿಗೆ ಹೇಳಬೇಕೇ ಎಂದೂ ಕೇಳಿದ್ದ. ಮಣ್ಣಿನಡಿಯ ಕಟ್ಟಳೆಯಂತೆ ಅಳತೆಗೆಂದು ಪಕ್ಕದಲ್ಲಿ ಒಂದು ಸ್ಕೇಲು ಇಟ್ಟಿದ್ದ. ಆ ಸ್ಕೇಲು ಹಿಂದಿನ ಹಲ್ಲುಗಳನ್ನು ಪೂರ್ತಿ ಮುಚ್ಚಿತ್ತು. ಹಲ್ಲಕ್ಕನಿಗೆ ಒಂದು ಪದ್ಧತಿಯಿತ್ತು. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಮೇಲಿನಿಂದ ಒಂದು, ಹೀಗೆ ಮೂರು ಫೋಟೋ ಬಾರದೆ ಅವಳು ಬಾಯಿ ಬಿಡುತ್ತಿರಲಿಲ್ಲ. ‘ಹಲ್ಲಕ್ಕನಿಗೆ ಮದುವೆ ಹೆಣ್ಣಿನಂತೆ ಮೂರು ಕಡೆಯಿಂದ ತೋರಿಸಬೇಕು’ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು. ಅವತ್ತು ಮಾತ್ರ ಅವಳು ಕೇಳಲಿಲ್ಲ.

ಅವತ್ತು ಬೆಳಿಗ್ಗೆಯಷ್ಟೇ ದಂತವೈದ್ಯರೊಬ್ಬರು ರೋಗಿಯ ಮುಂದೆಯೇ, ‘ನೀನು ಹಲ್ಲು ಮಾಡೋಳು, ಹಲ್ಲಿನ ವಿಚಾರ ನಂಗೆ ಹೇಳಬೇಡ’ ಎಂದು ಅವಳ ಮುಖಕ್ಕೆ ಹೊಡೆದಂತೆ ಹೇಳಿದ್ದರು. ಹೊಟ್ಟೆಯಲ್ಲಿ ಕಿಚ್ಚು ಹಾಗೇ ಇತ್ತು. ಮಣ್ಣಿನಡಿ ತೆರೆದರೆ ಮೇಷ್ಟ್ರೇ, ‘ಯಾರೂ ಊಹೆ ಮಾಡಬೇಡಿ, ಹಲ್ಲಕ್ಕ ಬರಲಿ’ ಎಂದು ಬರೆದಿದ್ದರು. ಇಷ್ಟು ಜನ ತನಗಾಗಿ ಕಾದು ಕೂತಿದ್ದಾರೆ. ಅದರ ಹಿಂದಿನ ವಾರವೇ ಅವಳು, ಪುರಾತನರು ನಾರನ್ನು ಹಲ್ಲಿನ ನಡುವೆ ಎಳೆದೆಳೆದು ಹಗ್ಗ ಹೊಸೆಯುತ್ತಿದ್ದರು, ಅದರಿಂದ ಮುಂದಿನ ಹಲ್ಲಿನಲ್ಲಿ ಕಚ್ಚು ಬೀಳುತ್ತಿತ್ತು ಎಂದು ಓದಿದ್ದಳು. ಹೊಸದಾಗಿ ಕಲಿತದ್ದನ್ನು ಹೇಳಲು ನಾಲಿಗೆ ತುರಿಸುತ್ತಿತ್ತು. ‘ನಾರು ಹೊಸೆಯುತ್ತಿದ್ದ ಮನುಷ್ಯ. ಕನಿಷ್ಠ ಎರಡು ಸಾವಿರ ವರ್ಷ ಹಳೆಯದು. ಪೊಲೀಸರು ಬೇಡ. ಇನ್ನು ಅಗೆಯಬೇಡಿ, ಗೌರವದಿಂದ ಅಲ್ಲೇ ಮುಚ್ಚಿಬಿಡಿ’ ಎಂದು ಬರೆದಳು. ಗುದ್ದಲಿ ಮುಚ್ಚಿಬಿಟ್ಟ. ಉತ್ತರದ ಕೆಳಗೆ ನಲವತ್ತೊಂದು ಜನ ಚಪ್ಪಾಳೆಯ ಗುರುತು ಹಾಕಿದರು.

ಸೋಮವಾರ ಸಂಜೆ ಮನೆಗೆ ಬಂದವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಬಸ್ ಕಂಡಕ್ಟರ್ ಆದ ಅವನು ದಿನವಿಡೀ ಜನರ ತಕರಾರು ಕೇಳಿ ಕೇಳಿ ತಕರಾರೆಂದರೆ ಮಾರು ದೂರ ಹೋಗುವವನು.

“ಶನಿವಾರ ಮುಚ್ಚಿಹೋಗತ್ತೆ ಅಂದ್ಯಲ್ಲ? ಸುಮ್ನಿರು. ಇನ್ನು ಐದೇ ದಿನ,” ಎಂದ.

“ಹುಡುಗಿ ಕೇಳಿದಾಳೆ ಕಣ್ರೀ.”

“ಏನು ಕೇಳಿದಾಳೆ? ಆ ಕಾಲದೋರಿಗೂ ಇರ್ತಿತ್ತಾ ಅಂತ. ಇರ್ತಿತ್ತು ಅನ್ನು. ಸುಳ್ಳೇನಲ್ಲವಲ್ಲ.”

ಸುಳ್ಳಲ್ಲ, ಅದೇ ಕಷ್ಟವಾಗಿತ್ತು. ‘ಹೌದಮ್ಮಾ, ಇರುತ್ತಿತ್ತು’ ಎಂದು ಅವಳು ಬರೆದೂ ಬರೆದಳು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತಳು. ಆಮೇಲೆ ಒಂದೊಂದೇ ಅಕ್ಷರ ಅಳಿಸಿದಳು.

ಮಂಗಳವಾರ ಅವಳು ಆ ಹಳೆಯ ಫೋಟೋವನ್ನು ದೊಡ್ಡದು ಮಾಡಿ, ಅದರಲ್ಲಿದ್ದ ಸ್ಕೇಲಿನ ಗೆರೆಗಳನ್ನು ಹಿಡಿದು ಕಚ್ಚಿನ ಅಗಲ ಅಳೆದಳು. ಎರಡು ಮಿಲಿಮೀಟರು, ಅದರ ಮೇಲೆ ಒಂದು ಕೂದಲೆಳೆ. ಅಂಚು ದುಂಡಗೆ, ನುಣ್ಣಗೆ. ನಾರು ಎಳೆದರೆ ಗೀರು ಓರೆಯಾಗಿ, ಉದ್ದಕ್ಕೆ ಬೀಳಬೇಕಿತ್ತು. ಕಟ್ಟುಹಲ್ಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ತನ್ನ ಕಣ್ಣು ಎಂಟು ವರ್ಷದ ಹಿಂದೆ ಎಲ್ಲಿತ್ತು ಎಂದು ತನ್ನನ್ನೇ ಬೈದುಕೊಂಡು, ಅಳತೆಯ ಕೈವಾರವನ್ನು ಚೀಲಕ್ಕೆ ಹಾಕಿಕೊಂಡು ಬೀದಿ ಕೊನೆಯ ಕುಶನ್ ಅಂಗಡಿಗೆ ನಡೆದಳು.

ಅಂಗಡಿಯವನು ಮಂಡಿಯೂರಿ ಸೋಫಾದ ಬೆನ್ನಿಗೆ ರೆಕ್ಸಿನ್ ಹೊಡೆಯುತ್ತಿದ್ದ. ತುಟಿಯ ನಡುವೆ ಏಳೆಂಟು ಪುಟ್ಟ ಮೊಳೆಗಳು. ಒಂದೊಂದನ್ನೇ ನಾಲಿಗೆಯಿಂದ ಮುಂದಕ್ಕೆ ತಳ್ಳುವುದು, ಹಲ್ಲಲ್ಲಿ ಕಚ್ಚುವುದು, ಅಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿಕೊಂಡು ಟಕ್ ಎಂದು ಹೊಡೆಯುವುದು. ಇವಳನ್ನು ಕಂಡು ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ.

“ಏನಕ್ಕಾ, ಹಲ್ಲಿಗೆ ಗಿರಾಕಿ ಹುಡುಕ್ತಾ ಬೀದಿಗೇ ಬಂದ್ಬಿಟ್ರಾ?”

“ಒಂದು ಸಲ ಬಾಯಿ ತೆಗಿ ನೋಡೋಣ.”

ಅವನು ನಗುತ್ತಲೇ ಹಲ್ಲು ಕಿರಿದ. ಮೇಲೆ ಎರಡು, ಕೆಳಗೆ ಎರಡು, ಅರ್ಧಚಂದ್ರದ ಕಚ್ಚು. ಕೈವಾರ ಇಟ್ಟು ನೋಡುವ ಅಗತ್ಯವೇ ಇರಲಿಲ್ಲ, ಆದರೂ ಇಟ್ಟಳು.

“ನಮ್ಮ ಕೆಲಸದೋರಿಗೆಲ್ಲ ಇರತ್ತಕ್ಕಾ ಇದು. ಇಪ್ಪತ್ತು ವರ್ಷ ಮೊಳೆ ಕಚ್ಚಿದ್ರೆ ಹಲ್ಲೇನು ಕಬ್ಬಿಣಾನಾ? ಯಾಕೆ, ಮುಖ ಯಾಕೆ ಹಾಗಾಯ್ತು? ಕೂತ್ಕೊಳ್ಳಿ, ನೀರು ಕೊಡ್ತೀನಿ.”

ಹಲ್ಲಕ್ಕ ಅರ್ಧ ಹೊಲಿದ ಸೋಫಾದ ಮೇಲೆ ಕೂತು ನೀರು ಕುಡಿದಳು. ತನ್ನ ಕೆಲಸದ ಕೋಣೆಯಿಂದ ಇಲ್ಲಿಗೆ ಅರವತ್ತು ಹೆಜ್ಜೆ. ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿ ಬಂದವಳಿಗೆ ಅರವತ್ತು ಹೆಜ್ಜೆ ನಡೆಯಬೇಕೆಂದು ತೋಚಿರಲಿಲ್ಲ. ನಾಚಿಕೆಯಿಂದ ಅವಳಿಗೆ ಅಲ್ಲೇ ಅಳು ಬಂತು.

ಇನ್ನು ಜಾಗ ಗೊತ್ತಾಗಬೇಕಿತ್ತು. ಎಲ್ಲಿ ಸಿಕ್ಕಿತು ಎಂಬುದನ್ನು ಮಣ್ಣಿನಡಿಯಲ್ಲಿ ಯಾರೂ ಬಹಿರಂಗವಾಗಿ ಬರೆಯುವಂತಿರಲಿಲ್ಲ. ಬರೆದರೆ ಮರುದಿನವೇ ನಿಧಿಗಳ್ಳರು ಹಾರೆ ಹಿಡಿದು ಹಾಜರಾಗುತ್ತಾರೆ. ಜಾಗವನ್ನು ಮೇಷ್ಟ್ರಿಗೆ ಮಾತ್ರ ಗುಟ್ಟಾಗಿ ತಿಳಿಸಬೇಕು, ಅವರು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಒಳ್ಳೆಯ ಕಟ್ಟಳೆಯೇ. ಆದರೆ ಗುದ್ದಲಿ ಕಾಣದೆ ಆರು ವರ್ಷವಾಗಿತ್ತು, ಮೇಷ್ಟ್ರು ಸತ್ತಿದ್ದರು. ಉಳಿದದ್ದು ನೋಟ್‌ಬುಕ್ಕು ಒಂದೇ.

ಬುಧವಾರ ಕೆಲಸಕ್ಕೆ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಅವಳು ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರ ಹೆಂಡತಿ ಬಾಗಿಲು ತೆರೆದರು. ಪಡಸಾಲೆಯಲ್ಲಿ ಹಳೆಯ ಪುಸ್ತಕ, ಕಾಗದ ಎಲ್ಲ ರದ್ದಿಯವನಿಗಾಗಿ ಕಟ್ಟಿಟ್ಟಿದ್ದವು.

“ನೀವೇನಾ ಹಲ್ಲಕ್ಕ?” ಎಂದು ಮೇಲಿಂದ ಕೆಳಗೆ ನೋಡಿದರು. “ಇಪ್ಪತ್ತೆರಡು ವರ್ಷ ಆ ಡಬ್ಬದ ಮುಂದೆ ಕೂತ್ರು. ಹಲ್ಲಕ್ಕ ಹಾಗಂದ್ಲು, ಹಲ್ಲಕ್ಕ ಹೀಗಂದ್ಲು. ನನ್ನ ಹಲ್ಲು ಬಿದ್ದಿದ್ದು ಮಾತ್ರ ಅವರಿಗೆ ಗೊತ್ತಾಗ್ಲಿಲ್ಲ.”

ಹಲ್ಲಕ್ಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬಂದ ವಿಷಯ ಹೇಳಿದಳು. ಕೇಳುತ್ತ ಕೇಳುತ್ತ ಆ ಹೆಂಗಸಿನ ಮುಖದ ಬಿಗಿ ಸಡಿಲವಾಯಿತು. ಅವರೇ ನೆಲದ ಮೇಲೆ ಕೂತು ಒಂದೊಂದೇ ಕಟ್ಟಿನ ದಾರ ಬಿಚ್ಚಿದರು. ಐದನೆಯ ಕಟ್ಟಿನಲ್ಲಿ ನೋಟ್‌ಬುಕ್ಕುಗಳಿದ್ದವು. ಆ ವರ್ಷದ್ದನ್ನು ತೆಗೆದು ಹಲ್ಲಕ್ಕ ಬೆರಳು ಇಳಿಸುತ್ತ ಬಂದಳು. ಮೇಷ್ಟ್ರ ದುಂಡು ಅಕ್ಷರದಲ್ಲಿ ಊರಿನ ಹೆಸರು, ಅದರ ಮುಂದೆ ಹೀಗೆ ಇತ್ತು: ‘ರೈಲ್ವೆ ಗೇಟಿನಿಂದ ಬಲಕ್ಕೆ, ಇಟ್ಟಿಗೆ ಮಣ್ಣು ತೆಗೆದ ಹಳ್ಳ, ಮೂರನೇ ಕರೆಂಟ್ ಕಂಬದ ಎದುರು. ದವಡೆ. ಅನುಮಾನವಿಲ್ಲ, ಹಲ್ಲಕ್ಕ ನೋಡಿದ್ದಾರೆ.’ ಕೊನೆಯ ಮೂರು ಪದಗಳಿಗೆ ಅಡಿಗೆರೆ ಎಳೆದಿದ್ದರು.

ಹುಡುಗಿ ತನ್ನ ಫೋನ್ ನಂಬರನ್ನು ಬರಹದ ಕೆಳಗೇ ಕೊಟ್ಟಿದ್ದಳು. ಮೇಷ್ಟ್ರ ಮನೆಯ ಮೆಟ್ಟಿಲ ಮೇಲೆ ಕೂತೇ ಹಲ್ಲಕ್ಕ ಕರೆ ಮಾಡಿದಳು. ಸುತ್ತಿ ಬಳಸಿ ಹೇಳಲು ಹೋದರೆ ಧೈರ್ಯ ಸೋರಿಹೋದೀತೆಂದು ಒಂದೇ ಉಸಿರಿಗೆ ಹೇಳಿದಳು.

“ಅಮ್ಮಾ, ಆ ದವಡೆ ಹಳೇದು ಅಂತ ಹೇಳಿದವಳು ನಾನೇ. ತಪ್ಪು ಹೇಳಿದೆ. ಅದು ನಾರಿನ ಕಚ್ಚಲ್ಲ, ಮೊಳೆಯದು. ನಿಮ್ಮ ಅಪ್ಪನೇ ಅಂತ ಹೇಳಲಾರೆ. ಆದ್ರೆ ಆಗಿರಬಹುದು. ಜಾಗ ಸಿಕ್ಕಿದೆ.”

ಹಲ್ಲಕ್ಕ ನೋಟ್‌ಬುಕ್ಕಿನಲ್ಲಿದ್ದದ್ದನ್ನು ಓದಿ ಹೇಳಿದಳು.

“ಗೇಟಿಂದ ಬಲಕ್ಕಾ?” ಹುಡುಗಿಯ ದನಿ ತೀರಾ ಸಣ್ಣಗಾಗಿತ್ತು. “ಅದು ನಾನು ದಿನಾ ಕೆಲಸಕ್ಕೆ ಹೋಗೋ ದಾರಿ.”

ಶುಕ್ರವಾರ ಬೆಳಿಗ್ಗೆ ಪೊಲೀಸರು ಬಂದು ಅಗೆಸಿದರು. ಹಲ್ಲಕ್ಕನೂ ಹೋಗಿದ್ದಳು. ಹುಡುಗಿಗೆ ಮೂವತ್ತರ ಆಸುಪಾಸು, ರೈಲ್ವೆ ಟಿಕೆಟ್ ಕೌಂಟರಿನ ಕೆಲಸ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹಳ್ಳದ ಅಂಚಿನಲ್ಲಿ ನಿಂತಿದ್ದಳು. ಒಂದು ಮೊಳದ ಆಳದಲ್ಲಿ ದವಡೆ ಸಿಕ್ಕಿತು. ಗುದ್ದಲಿ ನಿಜವಾಗಿಯೂ ಗೌರವದಿಂದಲೇ ಮುಚ್ಚಿದ್ದ, ಸುತ್ತ ನಾಲ್ಕು ಕಲ್ಲು ಇಟ್ಟು. ಕೆಲಸದಾಳು ಅದನ್ನು ಬಟ್ಟೆಯ ಮೇಲೆ ಇಟ್ಟಾಗ ಹಿಂದಿನ ದವಡೆಹಲ್ಲು ಬಿಸಿಲಿಗೆ ಮಿನುಗಿತು. ಅದರಲ್ಲಿ ಬೆಳ್ಳಿ ಬಣ್ಣದ ಸಿಮೆಂಟು ತುಂಬಿತ್ತು. ಸ್ಕೇಲು ಮುಚ್ಚಿದ್ದ ಹಲ್ಲು ಅದು. ಇನ್ನೊಂದು ಫೋಟೋ ಕೇಳಿದ್ದರೆ ಹಲ್ಲಕ್ಕನಿಗೇನು, ಯಾವ ಪೆದ್ದನಿಗೂ ತಿಳಿಯುತ್ತಿತ್ತು.

“ಅದನ್ನ ತುಂಬಿಸೋಕೆ ನಾನೇ ಜೊತೆಗೆ ಹೋಗಿದ್ದೆ,” ಎಂದಳು ಹುಡುಗಿ. “ಸೂಜಿ ಅಂದ್ರೆ ಅಪ್ಪಂಗೆ ಭಯ. ನನ್ನ ಕೈ ಹಿಡ್ಕೊಂಡಿದ್ರು.”

ಇನ್ನೆರಡು ಅಡಿ ಇಳಿದ ಮೇಲೆ ಉಳಿದ ಮೂಳೆಗಳು ಸಿಕ್ಕಿದವು, ಅವುಗಳ ಅಡಿಯಲ್ಲಿ ಕ್ಯಾನ್ವಾಸಿನ ಕೆಲಸದ ಚೀಲ. ಚೀಲದಲ್ಲಿ ಸುತ್ತಿಗೆ, ಕತ್ತರಿ, ತುಕ್ಕು ಹಿಡಿದು ಮುದ್ದೆಯಾದ ಮೊಳೆಗಳು. ಮಳೆಗೆ ಹಳ್ಳದ ದಡ ಕುಸಿದಿದೆ, ಅಡ್ಡದಾರಿಯಲ್ಲಿ ಬರುತ್ತಿದ್ದವರ ಮೇಲೆ ಬಿದ್ದಿದೆ ಎಂದು ಇನ್‌ಸ್ಪೆಕ್ಟರ್ ಹೇಳಿದರು. ಹಳೆಯ ಮಡಕೆ ಚೂರುಗಳೂ ಆ ದಡದಲ್ಲಿದ್ದವೇ, ಮನುಷ್ಯನ ಜೊತೆಗೆ ಜಾರಿ ಬಂದಿದ್ದವು.

ಹುಡುಗಿ ಚೀಲವನ್ನು ದಿಟ್ಟಿಸಿದಳು. “ಕೆಲಸ ಮುಗಿಸಿ ಮನೆಗೇ ಬರ್ತಿದ್ರು,” ಎಂದಳು. ಆಮೇಲೆ ಹಲ್ಲಕ್ಕನ ಕಡೆ ತಿರುಗಿದಳು. “ಬೇರೆ ಯಾರ ಜೊತೆಗೋ ಓಡಿಹೋದ್ರು ಅಂತ ಊರೆಲ್ಲ ಹೇಳ್ತು. ಅಮ್ಮ ನಂಬಿಬಿಟ್ಳು. ಅಪ್ಪನ ಫೋಟೋ ಎಲ್ಲ ಸುಟ್ಟುಹಾಕಿದ್ಳು. ಬೈಕೊಂಡೇ ಸತ್ಳು.”

“ಯಾವಾಗ?” ಎಂದು ಹಲ್ಲಕ್ಕ ಕೇಳಿದಳು. ಕೇಳಬಾರದಿತ್ತು, ಆದರೆ ಕೇಳದೆ ಇರಲಾಗಲಿಲ್ಲ.

“ಮೂರು ವರ್ಷ ಆಯ್ತು.”

ಎಂಟರಲ್ಲಿ ಮೂರು ಕಳೆದರೆ ಐದು. ಆ ಐದು ವರ್ಷ ಹಲ್ಲಕ್ಕನ ಎದೆಯ ಮೇಲೆ ಕೂತವು, ಇನ್ನು ಏಳುವ ಹಾಗಿರಲಿಲ್ಲ. ಕ್ಷಮಿಸು ಎನ್ನಲು ಬಾಯಿ ತೆರೆದಳು. ಹುಡುಗಿ ಕಾಯಲಿಲ್ಲ. ಪೊಲೀಸರ ಕಾಗದಕ್ಕೆ ಸಹಿ ಹಾಕಲು ಹೋದಳು. ಹೋದವಳು ಹಿಂತಿರುಗಿ ಬಂದು ಒಂದೇ ಮಾತು ಕೇಳಿದಳು.

“ನಾಳೆ ಅದು ಮುಚ್ಚೋಗತ್ತಂತಲ್ಲ? ಆ ಪುಟ ನಂಗೆ ಬೇಕು. ಪೂರ್ತಿ. ಅಪ್ಪನ ಫೋಟೋ ಅಂತ ನನ್ನ ಹತ್ರ ಇನ್ನೊಂದಿಲ್ಲ.”

ತಪ್ಪು ಹೇಳಿದರೆ ಅಳಿಸಬಾರದು, ಕೆಳಗೆ ತಿದ್ದುಪಡಿ ಬರೆಯಬೇಕು ಎಂಬುದು ಮಣ್ಣಿನಡಿಯ ಇನ್ನೊಂದು ಕಟ್ಟಳೆ. ಶನಿವಾರ ಬೆಳಿಗ್ಗೆ ಹಲ್ಲಕ್ಕ ಆ ದವಡೆಯ ಪುಟದ ಕೊನೆಗೆ ಬರೆದಳು: ‘ತಿದ್ದುಪಡಿ. ಕಾಲ: ಹದಿಮೂರು ವರ್ಷ. ಕಚ್ಚು: ಮೊಳೆಯದು. ನಾನು ಇನ್ನೊಂದು ಫೋಟೋ ಕೇಳಲಿಲ್ಲ.’ ನೆನಪಿನ ಪುಟದಲ್ಲಿ ಅಲ್ಲಿಯ ತನಕ ಹರಿಯುತ್ತಿದ್ದ ಮಾತುಗಳು ಟಕ್ಕೆಂದು ನಿಂತವು. ಮಧ್ಯಾಹ್ನಕ್ಕೆ ಮೊದಲು ಅವಳು ಪುಟವನ್ನು ಮುದ್ರಿಸಿಕೊಂಡಳು, ಹನ್ನೊಂದು ಹಾಳೆ. ಹೊಗಳಿಕೆಯ ಹಾಳೆಗಳನ್ನು ಕೈಬಿಡುವ ಆಸೆಯಾಯಿತು. ಪೂರ್ತಿ ಎಂದು ಹುಡುಗಿ ಹೇಳಿದ್ದಳು.

ಟಿಕೆಟ್ ಕೌಂಟರಿನ ಹಿಂದಿನ ಚಿಕ್ಕ ಕೋಣೆಯಲ್ಲಿ ಊಟದ ಬಿಡುವಿನ ಹೊತ್ತು. ಹುಡುಗಿ ಹಾಳೆಗಳನ್ನು ಒಂದೊಂದೇ ತಿರುಗಿಸಿದಳು. ಫೋಟೋದ ಮೇಲೆ ಕೈಯಾಡಿಸಿದಳು. ಆಮೇಲೆ ಚಪ್ಪಾಳೆ ತಟ್ಟಿದ ನಲವತ್ತೊಂದು ಹೆಸರುಗಳಿಗೆ ಬಂದಳು, ಎಲ್ಲವನ್ನೂ ಓದಿದಳು. ಹಲ್ಲಕ್ಕ ತಲೆತಗ್ಗಿಸಿ ನಿಂತಿದ್ದಳು.

“ಇಷ್ಟೂ ಜನ ನೋಡಿದಾರಾ ನಮ್ಮಪ್ಪನ್ನ?”

“ನೋಡಿದಾರೆ.”

“ಎಂಟು ವರ್ಷ?”

“ಎಂಟು ವರ್ಷ.”

ಹುಡುಗಿ ಹಾಳೆಗಳನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡಿದಳು. “ನಾವು ಮಾತ್ರ ನೋಡಿರ್ಲಿಲ್ಲ,” ಎಂದು ಹೇಳಿ, ಬಿಡುವು ಮುಗಿದದ್ದರಿಂದ ಎದ್ದು ಕೌಂಟರಿನ ಬಾಗಿಲು ತೆಗೆದಳು.